ಬಾಗಿಲ ಬಜರ್‌ಗೆ 555 ಟೈಮರ್ ಕಿಟ್: ಕೊಳ್ಳಿ, ಆದರೆ ಇನ್ನೆರಡು ಬಿಡಿಭಾಗ ಜೊತೆಗಿರಲಿ

ಬೆಲ್ ಒತ್ತಿದವರು ಬೆರಳು ತೆಗೆಯುವವರೆಗೂ ಬಜರ್ ಕಿರುಚುತ್ತಲೇ ಇರುತ್ತದೆ. ಇಲ್ಲವೇ ಅವರು ಸುಮ್ನೆ ಮುಟ್ಟಿ ಬಿಟ್ಟರೆ ಒಳಗಿದ್ದವರಿಗೆ ಕೇಳಿಸುವುದೇ ಇಲ್ಲ. ಈ ಎರಡು ಕಿರಿಕಿರಿಗೂ ಮದ್ದು ಒಂದೇ, ಟೈಮರ್. ಹೇಗೆ ಒತ್ತಿದರೂ ಬಜರ್ ಇಂತಿಷ್ಟೇ ಸೆಕೆಂಡ್ ಕೂಗಬೇಕು, ಆಮೇಲೆ ತಾನಾಗಿ ನಿಲ್ಲಬೇಕು. ಅದಕ್ಕೆಂದೇ ಸಿಗುವ ಒಂದು ಕಿಟ್ ತಂದು, ಬೆಸುಗೆ ಹಾಕಿ ಜೋಡಿಸಿ, ಬಾಗಿಲಿಗೆ ಹಾಕಿ ಬಳಸುತ್ತಿದ್ದೇನೆ. ತಯಾರಕರ ಹೆಸರು ಹೇಳುತ್ತಿಲ್ಲ. ಇದೇ ಸರ್ಕ್ಯೂಟ್, ಇವೇ ಬಿಡಿಭಾಗಗಳು ಬೇರೆ ಬೇರೆ ಪೊಟ್ಟಣಗಳಲ್ಲಿ ಸಿಗುತ್ತವೆ, ಹಾಗಾಗಿ ಇಲ್ಲಿ ಹೇಳುವುದು ಅಂಥ ಬೇರೆ ಕಿಟ್‌ಗಳಿಗೂ ಹೊಂದುತ್ತದೆ.

ಮೊದಲೇ ಹೇಳಿಬಿಡುತ್ತೇನೆ. ಕಿಟ್ ಚೆನ್ನಾಗಿದೆ, ಹೊಸದಾಗಿ ಕಲಿಯುವವರಿಗೆ ಧೈರ್ಯವಾಗಿ ಕೊಡಿಸಬಹುದು. ಆದರೆ ಪೊಟ್ಟಣದ ಮೇಲೆ ಬರೆದಿರುವ ಕೆಲಸವನ್ನು ಅದು ಅರ್ಧ ಮಾತ್ರ ಮಾಡುತ್ತದೆ. ಉಳಿದರ್ಧಕ್ಕೆ ಒಂದು ಕೆಪಾಸಿಟರ್ (ಕರೆಂಟ್ ತುಂಬಿಟ್ಟುಕೊಳ್ಳುವ ಬಿಡಿಭಾಗ), ಒಂದು ರೆಸಿಸ್ಟರ್ (ಕರೆಂಟ್ ಹರಿಯುವುದನ್ನು ತಡೆಯುವ ಬಿಡಿಭಾಗ) ನೀವೇ ಸೇರಿಸಬೇಕು.

ಒಳಗೆ ಏನೇನಿದೆ ಅಂದರೆ, ಒಂದು ಪುಟ್ಟ ಬೋರ್ಡ್, ಎನ್‌ಇ 555 ಐಸಿ (ಟೈಮರ್ ಕೆಲಸ ಮಾಡುವ ಚಿಪ್), ಅದನ್ನು ಕೂರಿಸಲು ಎಂಟು ಕಾಲಿನ ಸಾಕೆಟ್, 100ಕೆ (ಕೆ ಅಂದರೆ ಸಾವಿರ ಓಮ್) ಪ್ರಿಸೆಟ್, ಅಂದರೆ ತಿರುಗಿಸಿ ಹೆಚ್ಚುಕಮ್ಮಿ ಮಾಡಬಹುದಾದ ರೆಸಿಸ್ಟರ್, 10ಕೆ ರೆಸಿಸ್ಟರ್‌ಗಳು, 100 ಮೈಕ್ರೋಫ್ಯಾರಡ್ ಕೆಪಾಸಿಟರ್, ಎರಡು ಚಿಕ್ಕ ಸೆರಾಮಿಕ್ ಕೆಪಾಸಿಟರ್, ಒಂದು ಎಲ್‌ಇಡಿ, ಬಜರ್, ಒತ್ತುವ ಸ್ವಿಚ್, 9 ವೋಲ್ಟ್ ಬ್ಯಾಟರಿಯ ಕ್ಯಾಪ್. ಸಾಕೆಟ್ ಕೊಟ್ಟಿರುವುದು ನನಗೆ ತುಂಬಾ ಇಷ್ಟವಾಯಿತು. ಬೆಸುಗೆ ಹಾಕುವಾಗ ಐಸಿಗೆ ಬಿಸಿ ತಾಗುವ ಭಯವಿಲ್ಲ, ಸುಟ್ಟರೂ ಕಿತ್ತು ಬೇರೆ ಹಾಕಬಹುದು, ಮುಂದೆ ಹೇಳುವಂತೆ ಬೇರೆ ಬಗೆಯ 555 ಹಾಕಿ ನೋಡುವುದಕ್ಕೂ ಅದೇ ದಾರಿ. ಬೋರ್ಡ್ ಮೇಲೆ ಪ್ರತಿ ಭಾಗದ ಗುರುತೂ ಪ್ಲಸ್, ಮೈನಸ್ಸೂ ಅಚ್ಚಾಗಿ ಮುದ್ರಿಸಿದ್ದಾರೆ. ಒಂದೇ ಎಚ್ಚರಿಕೆ, ಆ ಎರಡು ಸೆರಾಮಿಕ್ ಕೆಪಾಸಿಟರ್‌ಗಳು ನೋಡಲು ಒಂದೇ ಥರ. ಮೈ ಮೇಲೆ 103 ಎಂದಿದ್ದರೆ ಅದು 0.01 ಮೈಕ್ರೋಫ್ಯಾರಡ್, ಐಸಿಯ 5ನೇ ಕಾಲಿಗೆ ಹೋಗಬೇಕು. 104 ಎಂದಿದ್ದರೆ 0.1, ಅದು ಬ್ಯಾಟರಿಯ ಪ್ಲಸ್, ಮೈನಸ್ ನಡುವೆ ಐಸಿಯ ಪಕ್ಕದಲ್ಲೇ ಕೂರಬೇಕು. ಅಕ್ಷರ ಎಷ್ಟು ಸಣ್ಣದೆಂದರೆ ಬೆಳಕಿಗೆ ಹಿಡಿದು, ಅತ್ತಿತ್ತ ವಾಲಿಸಿ ಓದಬೇಕು.

555 ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ಸ್ವಿಟ್ಜರ್ಲೆಂಡ್ ಮೂಲದ ಹಾನ್ಸ್ ಕಾಮೆನ್‌ಜಿಂಡ್ 1971ರಲ್ಲಿ ಸಿಗ್ನೆಟಿಕ್ಸ್ ಕಂಪನಿಗಾಗಿ ಇದನ್ನು ವಿನ್ಯಾಸ ಮಾಡಿದರು. 1972ರಲ್ಲಿ ಮಾರುಕಟ್ಟೆಗೆ ಬಂತು. ಅರ್ಧ ಶತಮಾನ ದಾಟಿದರೂ ಇನ್ನೂ ಹೊಸದಾಗಿ ತಯಾರಾಗುತ್ತಲೇ ಇದೆ. ಒಳಗೆ 5ಕೆ ಮೌಲ್ಯದ ಮೂರು ರೆಸಿಸ್ಟರ್‌ಗಳು ಸಾಲಾಗಿ ಕೂತು ವೋಲ್ಟೇಜನ್ನು ಮೂರು ಸಮಪಾಲು ಮಾಡುತ್ತವೆ. ಇಡೀ ಆಟ ಈ ಮೂರು ಪಾಲಿನದು. 2ನೇ ಕಾಲಿನ ವೋಲ್ಟೇಜ್ ಮೂರನೇ ಒಂದು ಪಾಲಿಗಿಂತ ಕೆಳಗಿಳಿದರೆ ಟೈಮರ್ ಶುರು, 3ನೇ ಕಾಲಿನಿಂದ ಬಜರ್‌ಗೆ ಕರೆಂಟ್ ಹೋಗುತ್ತದೆ. ಆಗ ದೊಡ್ಡ ಕೆಪಾಸಿಟರ್ ಮೆಲ್ಲಗೆ ತುಂಬಿಕೊಳ್ಳುತ್ತಾ ಹೋಗಿ ಮೂರನೇ ಎರಡು ಪಾಲು ಮುಟ್ಟಿತೋ, 6ನೇ ಕಾಲು ಅದನ್ನು ನೋಡಿ ಬಜರ್ ನಿಲ್ಲಿಸುತ್ತದೆ, 7ನೇ ಕಾಲು ಕೆಪಾಸಿಟರನ್ನು ಖಾಲಿ ಮಾಡಿಬಿಡುತ್ತದೆ. ಬ್ಯಾಟರಿ ಸ್ವಲ್ಪ ಇಳಿದರೂ ಸಮಯ ಹೆಚ್ಚುಕಮ್ಮಿ ಆಗುವುದಿಲ್ಲ. ಯಾಕಂದ್ರೆ ಇಲ್ಲಿ ಲೆಕ್ಕ ಇರುವುದು ಪಾಲಿನದು, ವೋಲ್ಟಿನದಲ್ಲ. ಎಷ್ಟು ಚೆಂದದ ಯೋಚನೆ ಅಲ್ವಾ?

ಸಮಯದ ಲೆಕ್ಕವೂ ಸುಲಭ. ರೆಸಿಸ್ಟರಿನ ಮೌಲ್ಯವನ್ನು (ಓಮ್‌ನಲ್ಲಿ) ಕೆಪಾಸಿಟರಿನ ಮೌಲ್ಯದಿಂದ (ಫ್ಯಾರಡ್‌ನಲ್ಲಿ) ಗುಣಿಸಿ, ಬಂದದ್ದನ್ನು 1.1ರಿಂದ ಗುಣಿಸಿದರೆ ಸೆಕೆಂಡ್ ಸಿಗುತ್ತದೆ. ಈ ಕಿಟ್‌ನಲ್ಲಿ ಪ್ರಿಸೆಟ್ ಪೂರ್ತಿ ಇಳಿಸಿದರೆ ಅದರ ಜೊತೆ ಸಾಲಾಗಿರುವ 10ಕೆ ಮಾತ್ರ ಉಳಿಯುತ್ತದೆ, 100 ಮೈಕ್ರೋಫ್ಯಾರಡ್ ಜೊತೆಗೆ 1.1 ಸೆಕೆಂಡ್. ಪೂರ್ತಿ ಏರಿಸಿದರೆ 110ಕೆ, ಸುಮಾರು 12 ಸೆಕೆಂಡ್. ಬಾಗಿಲ ಬಜರ್‌ಗೆ ಮೂರರಿಂದ ಐದು ಸೆಕೆಂಡ್ ಸಾಕು, ಹಾಗಾಗಿ ಈ ವ್ಯಾಪ್ತಿ ಸರಿಯಾಗಿದೆ. ನಿಮ್ಮ ಬೋರ್ಡ್ ಲೆಕ್ಕಕ್ಕಿಂತ ಒಂದಿಷ್ಟು ಹೆಚ್ಚೋ ಕಡಿಮೆಯೋ ಓಡಿದರೆ ಗಾಬರಿ ಬೇಡ. ಇಂಥ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್‌ಗಳ ಮೌಲ್ಯವೇ ಸಾಮಾನ್ಯವಾಗಿ ಶೇಕಡಾ 20ರಷ್ಟು ಆಚೀಚೆ ಇರುತ್ತದೆ, ಪ್ರಿಸೆಟ್ ಇರುವುದೇ ಅದನ್ನು ಸರಿತೂಗಿಸಲು.

ಪ್ರಿಸೆಟ್ ಜೊತೆಗೆ ಸಾಲಾಗಿ ಆ 10ಕೆ ಹಾಕಿದ್ದಾರಲ್ಲ, ಅದಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಅದಿಲ್ಲದಿದ್ದರೆ, ಯಾರಾದರೂ ಪ್ರಿಸೆಟನ್ನು ಸೊನ್ನೆಗೆ ತಿರುಗಿಸಿದ ಗಳಿಗೆಯಲ್ಲಿ 7ನೇ ಕಾಲು ನೇರವಾಗಿ ಪ್ಲಸ್‌ಗೆ ಅಂಟಿಕೊಂಡು ಐಸಿ ಸುಟ್ಟುಹೋಗುವ ಸಂಭವವಿತ್ತು.

ಈಗ ದೂರು. ಇದೇ ಮುಖ್ಯ ವಿಷಯ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕಿಟ್‌ನ ಬೋರ್ಡ್‌ನಲ್ಲಿ ಸ್ವಿಚ್ ನೇರವಾಗಿ 2ನೇ ಕಾಲಿಗೂ ಮೈನಸ್‌ಗೂ ನಡುವೆ ಇದೆ. 2ನೇ ಕಾಲಿನಿಂದ ಪ್ಲಸ್‌ಗೆ ಒಂದು 10ಕೆ. ಅಷ್ಟೇ. ಒತ್ತಿ ತಕ್ಷಣ ಬಿಟ್ಟರೆ ಎಲ್ಲವೂ ಸರಿ, ಐದು ಸೆಕೆಂಡ್ ಕೂಗಿ ನಿಲ್ಲುತ್ತದೆ. ಆದರೆ ಬೆರಳು ಇಟ್ಟೇ ನಿಂತರೆ? ಸಮಯ ಮುಗಿದರೂ ಬಜರ್ ನಿಲ್ಲುವುದಿಲ್ಲ. 555ರ ಒಳಗೆ 2ನೇ ಕಾಲಿನ ಮಾತು 6ನೇ ಕಾಲಿನ ಮಾತಿಗಿಂತ ಮೇಲು. 2ನೇ ಕಾಲು ಕೆಳಗಿರುವಷ್ಟು ಹೊತ್ತು 'ಶುರು ಮಾಡು' ಎಂಬ ಆಜ್ಞೆಯೇ ನಡೆಯುತ್ತದೆ. ಅಂದರೆ ಈ ಕಿಟ್ ಕೊಡುವುದು ಕನಿಷ್ಠ ಸಮಯವನ್ನು ಮಾತ್ರ, ಗರಿಷ್ಠ ಸಮಯವನ್ನಲ್ಲ. ಬಾಗಿಲಲ್ಲಿ ಮಕ್ಕಳು ಸ್ವಿಚ್ ಹಿಡಿದು ನಿಂತರೆ, ಅಥವಾ ಸ್ವಿಚ್ಚೇ ಒಳಗೆ ಸಿಕ್ಕಿಕೊಂಡರೆ, ಟೈಮರ್ ಇದ್ದೂ ಇಲ್ಲದ ಹಾಗೆ. ಜೊತೆಗಿರುವ ಕಾಗದದಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ. ಬಾಗಿಲ ಬಜರ್ ಎಂದೇ ಹೆಸರಿಟ್ಟು ಮಾರುವಾಗ ಇದನ್ನು ಬಿಟ್ಟದ್ದು ನನಗೆ ಸರಿ ಅನ್ನಿಸಲಿಲ್ಲ. ಹೊಸಬರು ಏನಂದುಕೊಳ್ಳುತ್ತಾರೆ? ತಮ್ಮ ಬೆಸುಗೆಯೇ ಕೆಟ್ಟಿದೆ ಎಂದು ಗಂಟೆಗಟ್ಟಲೆ ಹುಡುಕುತ್ತಾರೆ.

ಪರಿಹಾರ ಚಿಕ್ಕದು. 2ನೇ ಕಾಲಿನ 10ಕೆ ಹಾಗೇ ಇರಲಿ. ಸ್ವಿಚ್‌ನ ತಂತಿಯನ್ನು 2ನೇ ಕಾಲಿನಿಂದ ಬಿಡಿಸಿ, ನಡುವೆ ಒಂದು 104 ಕೆಪಾಸಿಟರ್ ಹಾಕಿ. ಈಗ ಸ್ವಿಚ್ ಮತ್ತು ಆ ಕೆಪಾಸಿಟರ್ ಸೇರುವ ಜಾಗದಿಂದ ಪ್ಲಸ್‌ಗೆ ಒಂದು 100ಕೆ ರೆಸಿಸ್ಟರ್. ಮುಗಿಯಿತು. ಸ್ವಿಚ್ ಒತ್ತಿದಾಗ 2ನೇ ಕಾಲು ಒಂದು ಮಿಲಿಸೆಕೆಂಡಿಗೂ ಕಡಿಮೆ ಹೊತ್ತು ಕೆಳಗಿಳಿದು, 10ಕೆ ಮೂಲಕ ಮತ್ತೆ ಮೇಲೇರುತ್ತದೆ. ಬೆರಳು ಇಟ್ಟೇ ಇದ್ದರೂ ಐಸಿಗೆ ಅದು ಗೊತ್ತಾಗುವುದಿಲ್ಲ. ಸಮಯ ಮುಗಿದ ಕೂಡಲೇ ಬಜರ್ ನಿಲ್ಲುತ್ತದೆ. ಮತ್ತೆ ಕೂಗಬೇಕಾದರೆ ಬೆರಳು ತೆಗೆದು ಮತ್ತೆ ಒತ್ತಬೇಕು.

100ಕೆ ಯಾಕೆ, ಅಲ್ಲೂ 10ಕೆ ಹಾಕಿದರಾಗದೇ ಅಂದರೆ, ಕಾರಣ ಇದೆ. ಸ್ವಿಚ್ ಬಿಡುವಾಗ ಒಳಗಿನ ತಗಡು ಒಂದೇ ಸಲಕ್ಕೆ ದೂರವಾಗುವುದಿಲ್ಲ, ಕೆಲವು ಮಿಲಿಸೆಕೆಂಡ್ ಅದುರುತ್ತದೆ. 10ಕೆ ಇದ್ದರೆ ಕೆಪಾಸಿಟರ್ ಬೇಗ ಸಿದ್ಧವಾಗಿಬಿಡುತ್ತದೆ, ಆ ಅದುರುವಿಕೆಯನ್ನೇ ಹೊಸ ಒತ್ತು ಎಂದುಕೊಂಡು ಬೆರಳು ತೆಗೆದಾಗ ಬಜರ್ ಇನ್ನೊಮ್ಮೆ ಕೂಗಬಹುದು. 100ಕೆ ಇದ್ದರೆ ಸಿದ್ಧವಾಗಲು ಸುಮಾರು 10 ಮಿಲಿಸೆಕೆಂಡ್ ಬೇಕು, ಅಷ್ಟರಲ್ಲಿ ಅದುರುವುದು ನಿಂತಿರುತ್ತದೆ. ಇದನ್ನು ಹಾಕಿದ ಮೇಲೆ ನನ್ನ ಬಜರ್ ಹೇಳಿದಷ್ಟೇ ಹೊತ್ತು ಕೂಗಿ ಸುಮ್ಮನಾಗುತ್ತಿದೆ.

ಎರಡನೇ ದೂರು ಬ್ಯಾಟರಿಯದು. ಕಿಟ್ ಜೊತೆ 9 ವೋಲ್ಟ್ ಬ್ಯಾಟರಿಯ ಕ್ಯಾಪ್ ಕೊಟ್ಟರೆ ಯಾರಾದರೂ ಬ್ಯಾಟರಿಯನ್ನೇ ಹಾಕುತ್ತಾರೆ. ಹಳೆಯ ಬಗೆಯ ಎನ್‌ಇ 555 ಸುಮ್ಮನೆ ಕೂತಿದ್ದರೂ 9 ವೋಲ್ಟ್‌ನಲ್ಲಿ ಐದು ಮಿಲಿಆಂಪಿನ ಆಸುಪಾಸು ಕುಡಿಯುತ್ತದೆ. 9 ವೋಲ್ಟ್ ಆಲ್ಕಲೈನ್ ಬ್ಯಾಟರಿಯ ಸಾಮರ್ಥ್ಯ ಸುಮಾರು 500 ಮಿಲಿಆಂಪ್ ಗಂಟೆ. ಲೆಕ್ಕ ಹಾಕಿ, ಯಾರೂ ಬೆಲ್ ಒತ್ತದಿದ್ದರೂ ನಾಲ್ಕೈದು ದಿನಕ್ಕೆ ಬ್ಯಾಟರಿ ಖಾಲಿ. ಬಾಗಿಲಿಗೆ ಇದು ಆಗುವ ಮಾತಲ್ಲ. ನನ್ನ ಸಲಹೆ, 9 ವೋಲ್ಟಿನ ಒಂದು ಒಳ್ಳೆಯ ಅಡಾಪ್ಟರ್ ಹಾಕಿಬಿಡಿ. ಜೊತೆಗೆ ಪ್ಲಸ್, ಮೈನಸ್ ನಡುವೆ ಇನ್ನೊಂದು 100 ಮೈಕ್ರೋಫ್ಯಾರಡ್ ಇರಲಿ, ಯಾಕಂದ್ರೆ ಈ ಐಸಿ ಆನ್ ಆಫ್ ಆಗುವ ಗಳಿಗೆಯಲ್ಲಿ ಫಕ್ಕನೆ ಜಾಸ್ತಿ ಕರೆಂಟ್ ಎಳೆಯುತ್ತದೆ.

ಬ್ಯಾಟರಿಯೇ ಬೇಕು ಅನ್ನುವವರಿಗೂ ದಾರಿ ಇದೆ. ಸಾಕೆಟ್‌ನಿಂದ ಐಸಿ ಕಿತ್ತು ಸಿಮಾಸ್ (CMOS) ಎಂಬ, ಕಡಿಮೆ ಕರೆಂಟ್ ಕುಡಿಯುವ ಬಗೆಯ 7555 ಹಾಕಿ. ಕಾಲುಗಳ ಜೋಡಣೆ ಅದೇ, ಕುಡಿಯುವ ಕರೆಂಟ್ ಮಿಲಿಆಂಪಿನ ಹತ್ತನೇ ಒಂದು ಭಾಗದ ಆಸುಪಾಸು. ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ. ಟೈಮರ್ ಸುಮ್ಮನಿರುವಾಗ 7ನೇ ಕಾಲು ಮೈನಸ್‌ಗೆ ಸೇರಿಕೊಂಡೇ ಇರುತ್ತದಲ್ಲ, ಹಾಗಾಗಿ ಪ್ರಿಸೆಟ್ ಮೂಲಕವೂ ಸದಾ ಸ್ವಲ್ಪ ಕರೆಂಟ್ ಹರಿದುಹೋಗುತ್ತಿರುತ್ತದೆ. ಪ್ರಿಸೆಟ್ ಇಳಿಸಿಟ್ಟರೆ ಅದೊಂದೇ ಮಿಲಿಆಂಪಿನ ಹತ್ತಿರ ಬರುತ್ತದೆ, 7555 ಹಾಕಿ ಉಳಿಸಿದ್ದೆಲ್ಲ ಅಲ್ಲೇ ಸೋರಿಹೋಯಿತು. ಪ್ರಿಸೆಟ್, 10ಕೆ ಮತ್ತು 100 ಮೈಕ್ರೋಫ್ಯಾರಡ್ ಬದಲು 470ಕೆ ರೆಸಿಸ್ಟರ್, 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ ಅದೇ ಐದು ಸೆಕೆಂಡ್ ಸಿಗುತ್ತದೆ, ಸೋರುವುದು ತೀರಾ ಕಡಿಮೆ, ಬ್ಯಾಟರಿ ತಿಂಗಳುಗಟ್ಟಲೆ ಬರುತ್ತದೆ. ಇನ್ನೊಂದು ವಿಷಯ, 7555ಗೆ ಬಜರ್ ನೇರವಾಗಿ ಓಡಿಸುವಷ್ಟು ಶಕ್ತಿ ಇಲ್ಲ. 3ನೇ ಕಾಲಿನಿಂದ 4.7ಕೆ ಮೂಲಕ ಒಂದು BC 547 ಟ್ರಾನ್ಸಿಸ್ಟರ್ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ನಡೆಸುವ ಬಿಡಿಭಾಗ) ಹಾಕಿ, ಅದರಿಂದ ಬಜರ್ ಓಡಿಸಿ.

ಬಜರ್ ಚೆನ್ನಾಗಿದೆ. ಒಳಗೇ ಸದ್ದಿನ ಸರ್ಕ್ಯೂಟ್ ಇರುವ ಬಗೆ, ಕರೆಂಟ್ ಕೊಟ್ಟರೆ ಸಾಕು ಕೂಗುತ್ತದೆ. ಮೇಲಿನ ತೂತಿನ ಮೇಲೆ ಒಂದು ಬಿಳಿ ಸ್ಟಿಕರ್ ಅಂಟಿಸಿರುತ್ತಾರೆ. ಬೋರ್ಡ್ ತೊಳೆಯುವಾಗ ನೀರು ಹೋಗದಿರಲಿ ಎಂದು ಹಾಕಿದ್ದು ಅದು, ಕೊನೆಗೆ ಕಿತ್ತುಬಿಡಿ, ಸದ್ದು ಎಷ್ಟೋ ಜೋರಾಗುತ್ತದೆ. ನೀವು ಬೇರೆ ಬಜರ್ ಕೊಳ್ಳುವುದಾದರೆ ನೆನಪಿಡಿ, ಎನ್‌ಇ 555ರ ಔಟ್‌ಪುಟ್ ಕೊಟ್ಟ ವೋಲ್ಟೇಜಿಗಿಂತ ಒಂದೂವರೆ ವೋಲ್ಟಿನಷ್ಟು ಕಡಿಮೆ ಬರುತ್ತದೆ. 9 ವೋಲ್ಟ್ ಕೊಟ್ಟು 12 ವೋಲ್ಟಿನ ಬಜರ್ ಹಾಕಿದರೆ ಅದು ಗೊಣಗುತ್ತದೆ ಅಷ್ಟೇ.

ಸ್ವಿಚ್ ಮಾತ್ರ ಸಪ್ಪೆ. ಬೋರ್ಡ್ ಮೇಲೆ ಕೂರುವ ಪುಟಾಣಿ ಬಟನ್ ಅದು, ಮೇಜಿನ ಮೇಲೆ ಪರೀಕ್ಷೆ ಮಾಡಲು ಸರಿ. ಬಾಗಿಲಿಗೆ ಮಾಮೂಲಿ ಬೆಲ್ ಸ್ವಿಚ್ಚೇ ಬೇಕು, ಅಲ್ಲಿಂದ ಬೋರ್ಡ್‌ವರೆಗೆ ಉದ್ದದ ತಂತಿ ಬೇಕು. ಅದರ ಬಗ್ಗೆಯೂ ಕಾಗದದಲ್ಲಿ ಏನೂ ಬರೆದಿಲ್ಲ. ಉದ್ದದ ತಂತಿ ಆಂಟೆನಾದ ಹಾಗೆ ಕೆಲಸ ಮಾಡುತ್ತದೆ. ಹತ್ತಿರದಲ್ಲಿ ಫ್ಯಾನೋ ಮೋಟಾರೋ ಆನ್ ಆದಾಗ ಯಾರೂ ಒತ್ತದೆಯೇ ಬಜರ್ ಕೂಗಿದರೆ ಕಾರಣ ಇದೇ. ಎರಡು ತಂತಿಗಳನ್ನು ಒಂದಕ್ಕೊಂದು ಹೊಸೆದು ಎಳೆಯಿರಿ, ಕರೆಂಟಿನ ವೈರ್ ಪಕ್ಕ ಎಳೆಯಬೇಡಿ, 2ನೇ ಕಾಲಿನಿಂದ ಮೈನಸ್‌ಗೆ ಒಂದು 103 ಕೆಪಾಸಿಟರ್ ಹಾಕಿ. ಬಹಳಷ್ಟು ಸಲ ಇಷ್ಟಕ್ಕೇ ಸರಿಹೋಗುತ್ತದೆ.

ಈಗಾಗಲೇ ಗೋಡೆಯಲ್ಲಿ ಮನೆ ಕರೆಂಟಿನ ಬೆಲ್ ಇದೆ, ಅದನ್ನೇ ಈ ಬೋರ್ಡ್‌ಗೆ ಸೇರಿಸಬಹುದೇ ಅಂದರೆ, ಬೇಡ. ಅದರ ಸ್ವಿಚ್ ತಂತಿಯನ್ನೂ ಇದಕ್ಕೆ ತರಬೇಡಿ, ಅದರಲ್ಲಿ ಜೀವ ತೆಗೆಯುವ ವೋಲ್ಟೇಜ್ ಇರುತ್ತದೆ. ಕಡಿಮೆ ವೋಲ್ಟಿನ, ಆದರೆ ಕಾಯಿಲ್ (ತಂತಿಯ ಸುರುಳಿ) ಇರುವ ಹಳೆಯ ಬಗೆಯ ಬಜರ್ ಆದರೆ ಸಾಧ್ಯ. 555 ಹೆಚ್ಚೆಂದರೆ 200 ಮಿಲಿಆಂಪ್ ಕೊಡಬಲ್ಲದು, ಕಾಯಿಲ್ ಅದಕ್ಕಿಂತ ಜಾಸ್ತಿ ಕೇಳಬಹುದು, ಆದ್ದರಿಂದ ನಡುವೆ ಟಿಪ್ 122ರಂಥ ದೊಡ್ಡ ಟ್ರಾನ್ಸಿಸ್ಟರ್ ಹಾಕಿ. ಕಾಯಿಲ್‌ಗೆ ಅಡ್ಡವಾಗಿ 1ಎನ್ 4007 ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಕಡ್ಡಾಯ, ಅದರ ಪಟ್ಟಿ ಇರುವ ತುದಿ ಪ್ಲಸ್ ಕಡೆಗೆ. ಕರೆಂಟ್ ನಿಂತ ಕ್ಷಣದಲ್ಲಿ ಕಾಯಿಲ್ ತಿರುಗಿ ಒದೆಯುವ ವೋಲ್ಟೇಜನ್ನು ಅದೇ ತಡೆಯುವುದು. ಈ ಡಯೋಡ್ ಕಿಟ್‌ನಲ್ಲಿ ಬರುವುದಿಲ್ಲ, ಬೋರ್ಡ್ ಮೇಲೆ ಅದಕ್ಕೆ ತೂತೂ ಇಲ್ಲ. ಬಜರ್‌ನ ಎರಡು ತುದಿಗೇ ನೇರವಾಗಿ ಬೆಸುಗೆ ಹಾಕಿಕೊಳ್ಳಿ.