ಮನೆಯ ದೀಪಗಳ ಸ್ವಯಂಚಾಲನೆ: ಮೂರು ವರ್ಷ ಬಳಸಿದ ಮೇಲೆ

ಮೈಸೂರಿನಲ್ಲಿ 1994ರಲ್ಲಿ ಕಟ್ಟಿದ ನಮ್ಮ ಮನೆಯ ಹನ್ನೊಂದು ದೀಪಗಳು ಮೂರು ವರ್ಷಗಳಿಂದ ನಾನೇ ಜೋಡಿಸಿದ ವ್ಯವಸ್ಥೆಯೊಂದರ ಅಧೀನದಲ್ಲಿವೆ. ಸ್ವಿಚ್ ಬೋರ್ಡಿನ ಹಿಂದೆ ಕೂತು, ಜಿಗ್‌ಬೀ ಎಂಬ ನಿಸ್ತಂತು ಸಂಪರ್ಕದಿಂದ ಆಜ್ಞೆ ಪಡೆದು ದೀಪವನ್ನು ಹಾಕಿ ಆರಿಸುವ ರಿಲೇ ಮಾಡ್ಯೂಲುಗಳು, ಅವುಗಳ ಸಂಕೇತವನ್ನು ಹಿಡಿಯುವ ಒಂದು ಯುಎಸ್‌ಬಿ ಡಾಂಗಲ್, ರಾಸ್ಪ್‌ಬೆರಿ ಪೈ 4 ಎಂಬ ಒಂದು ಪುಟ್ಟ ಕಂಪ್ಯೂಟರ್, ಅದರಲ್ಲಿ ನಡೆಯುವ ಹೋಮ್ ಅಸಿಸ್ಟೆಂಟ್ ಎಂಬ ಮುಕ್ತ ತಂತ್ರಾಂಶ: ಸಾಮಗ್ರಿ ಇಷ್ಟೇ. ತಂತಿಯ ಕೆಲಸವನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿದೆ. ಅವರ ಕೂಲಿಯೂ ಸೇರಿ ಸುಮಾರು ಮೂವತ್ತು ಸಾವಿರ ರೂಪಾಯಿ ಖರ್ಚಾಯಿತು.

ಸ್ಮಾರ್ಟ್ ಬಲ್ಬುಗಳನ್ನು ಕೊಳ್ಳದೆ ರಿಲೇಗಳನ್ನು ಆರಿಸಿಕೊಂಡದ್ದಕ್ಕೆ ಕಾರಣ ನಮ್ಮ ಅಮ್ಮ. ಸ್ಮಾರ್ಟ್ ಬಲ್ಬು ಮಾತು ಕೇಳಬೇಕಾದರೆ ಗೋಡೆಯ ಸ್ವಿಚ್ ಸದಾ ಹಾಕಿಯೇ ಇರಬೇಕು. ಕೋಣೆಯಿಂದ ಹೊರಬರುವಾಗ ಸ್ವಿಚ್ ಆರಿಸುವುದನ್ನು ಐವತ್ತು ವರ್ಷಗಳಿಂದ ರೂಢಿ ಮಾಡಿಕೊಂಡವರಿಗೆ ಅದನ್ನು ಮುಟ್ಟಬೇಡಿ ಎಂದು ಹೇಳುವುದು ಆಗದ ಮಾತು. ರಿಲೇಯಾದರೆ ಹಳೆಯ ಸ್ವಿಚ್ ಎಂದಿನಂತೆಯೇ ಕೆಲಸ ಮಾಡುತ್ತದೆ, ಕಂಪ್ಯೂಟರ್ ಕೆಟ್ಟು ಕೂತರೂ ದೀಪ ಹತ್ತುತ್ತದೆ. ಈ ಒಂದು ನಿರ್ಧಾರದ ಬಗ್ಗೆ ನನಗೆ ಇಂದಿಗೂ ಪಶ್ಚಾತ್ತಾಪವಿಲ್ಲ.

ಆದರೆ ಯೋಜನೆಯನ್ನು ನಾನು ತಪ್ಪು ತುದಿಯಿಂದ ಆರಂಭಿಸಿದೆ. ತಂತ್ರಾಂಶಗಳನ್ನು ಹೋಲಿಸಿ ನೋಡುವುದರಲ್ಲಿ ಒಂದು ತಿಂಗಳು ಕಳೆದು, ಮಾಡ್ಯೂಲುಗಳನ್ನು ತರಿಸಿಕೊಂಡ ಮೇಲಷ್ಟೇ ಬೋರ್ಡು ಬಿಚ್ಚಿಸಿದೆ. ಮಾಡ್ಯೂಲಿಗೂ ವಿದ್ಯುತ್ ಬೇಕಾದ್ದರಿಂದ ಬೋರ್ಡಿನಲ್ಲಿ ನ್ಯೂಟ್ರಲ್, ಅಂದರೆ ವಿದ್ಯುತ್ ಮರಳಿ ಹೋಗುವ ತಂತಿ, ಇರಬೇಕು. ಪ್ಲಗ್ ಪಾಯಿಂಟ್ ಇರುವ ಬೋರ್ಡುಗಳಲ್ಲಿ ಅದು ಇದ್ದೇ ಇರುತ್ತದೆ. ಬರೀ ದೀಪದ ಸ್ವಿಚ್ಚುಗಳಿರುವ ನಾಲ್ಕು ಬೋರ್ಡುಗಳಲ್ಲಿ ವಿದ್ಯುತ್ ತರುವ ಫೇಸ್ ತಂತಿ ಮತ್ತು ದೀಪಕ್ಕೆ ಹೋಗುವ ತಂತಿ ಬಿಟ್ಟರೆ ಬೇರೇನೂ ಇರಲಿಲ್ಲ. ಎರಡಕ್ಕೆ ಹಳೆಯ ಪೈಪಿನಲ್ಲೇ ನ್ಯೂಟ್ರಲಿನ ಕಪ್ಪು ತಂತಿ ಎಳೆಯಲು ಸಾಧ್ಯವಾಯಿತು. ಉಳಿದೆರಡರಲ್ಲಿ ಪೈಪು ಗಾರೆ ತುಂಬಿ ಕಟ್ಟಿಕೊಂಡಿದ್ದರಿಂದ ನ್ಯೂಟ್ರಲ್ ಬೇಡದ ಮಾದರಿಯ ಮಾಡ್ಯೂಲುಗಳನ್ನು ಹಾಕಬೇಕಾಯಿತು.

ಅವುಗಳ ಕಥೆಯೇ ಬೇರೆ. ತಾವು ಎಚ್ಚರವಾಗಿರಲು ಬೇಕಾದ ಅಲ್ಪ ವಿದ್ಯುತ್ತನ್ನು ಅವು ಬಲ್ಬಿನ ಮೂಲಕವೇ ಹರಿಸಿಕೊಳ್ಳುವುದರಿಂದ, ಆರಿಸಿದ ಮೇಲೂ 9 ವ್ಯಾಟಿನ ಎಲ್‌ಇಡಿ ಕತ್ತಲೆಯಲ್ಲಿ ಮಿಣುಕುತ್ತಲೇ ಇತ್ತು. ಬಲ್ಬಿನ ಹೋಲ್ಡರಿಗೆ ಸಮಾಂತರವಾಗಿ, ಇದಕ್ಕೆಂದೇ ಸಿಗುವ ಸಣ್ಣ ಕೆಪಾಸಿಟರ್ ಹಾಕಿಸಿದ ಮೇಲೆ ಅದು ನಿಂತಿತು. ಇನ್ನೊಂದು ಕೊರತೆ ತಡವಾಗಿ ತಿಳಿಯಿತು: ನ್ಯೂಟ್ರಲ್ ಇರುವ ಮಾಡ್ಯೂಲುಗಳು ಪಕ್ಕದ ಸಾಧನದ ಸಂಕೇತವನ್ನು ಮುಂದಿನದಕ್ಕೆ ದಾಟಿಸುತ್ತವೆ, ನಾನು ತಂದ ಈ ಮಾದರಿಯವು ದಾಟಿಸುವುದಿಲ್ಲ. ಹೀಗಾಗಿ ಅವುಗಳ ಆಚೆಗಿದ್ದ ಗೇಟಿನ ದೀಪ ಆಗಾಗ ಸಂಪರ್ಕ ಕಳೆದುಕೊಳ್ಳುತ್ತಿತ್ತು.

ಅದಕ್ಕೆ ಅರ್ಧ ಕಾರಣ ಡಾಂಗಲ್ ಇದ್ದ ಜಾಗವೂ ಹೌದು. ಯುಎಸ್‌ಬಿ 3 ಕಿಂಡಿಯು 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ರೇಡಿಯೊ ಸಂಕೇತಗಳಿಗೆ ಅಡ್ಡಿಯಾಗುವ ಅಲೆಗಳನ್ನು ಹೊರಡಿಸುತ್ತದೆ, ಜಿಗ್‌ಬೀ ಮತ್ತು ವೈಫೈ ಎರಡೂ ನಡೆಯುವುದು ಅಲ್ಲಿಯೇ. ಒಂದು ಮೀಟರ್ ಎಕ್ಸ್‌ಟೆನ್ಶನ್ ಕೇಬಲ್ ಹಾಕಿ ಡಾಂಗಲನ್ನು ದೂರ ಸರಿಸಿದೆ, ವೈಫೈಯನ್ನು 1ನೇ ಚಾನೆಲಿಗೂ ಜಿಗ್‌ಬೀಯನ್ನು 25ಕ್ಕೂ ಬದಲಿಸಿದೆ. ಆಮೇಲೆ ಗೇಟಿನ ದೀಪ ತಕರಾರು ಮಾಡಿಲ್ಲ. ಅದು ಸೂರ್ಯಾಸ್ತಕ್ಕೆ ಹತ್ತುತ್ತದೆ. ನಮ್ಮಲ್ಲಿ ನವೆಂಬರಿನಲ್ಲಿ ಆರಕ್ಕೂ ಮೊದಲೇ ಮುಳುಗುವ ಸೂರ್ಯ ಜುಲೈಯಲ್ಲಿ ಏಳರ ಹತ್ತಿರ ಮುಳುಗುತ್ತಾನೆ. ತಂತ್ರಾಂಶ ಆ ಲೆಕ್ಕವನ್ನು ಊರಿನ ಅಕ್ಷಾಂಶ ರೇಖಾಂಶಗಳಿಂದ ಮನೆಯಲ್ಲೇ ಹಾಕಿಕೊಳ್ಳುತ್ತದೆ, ಇಂಟರ್ನೆಟ್ ಬೇಕಿಲ್ಲ.

ಕರೆಂಟ್ ಹೋಗಿ ಬರುವ ಊರುಗಳಲ್ಲಿ ಇರುವವರು ಇನ್ನೆರಡು ವಿಷಯಗಳನ್ನು ಮೊದಲೇ ಯೋಚಿಸಬೇಕು. ಮೊದಲನೆಯದು, ಎರಡನೆಯ ತಿಂಗಳಲ್ಲೇ ನಮ್ಮ ಪೈಯ ಮೆಮೊರಿ ಕಾರ್ಡ್ ಹಾಳಾಯಿತು; ಈಗ ಅದರ ಬದಲು ಎಸ್‌ಎಸ್‌ಡಿ ಡಿಸ್ಕ್ ಹಾಕಿ, ಪೈ ಮತ್ತು ರೂಟರನ್ನು ಇನ್ವರ್ಟರ್ ಲೈನಿಗೆ ಕೊಟ್ಟಿದ್ದೇನೆ, ದಿನಕ್ಕೊಮ್ಮೆ ಬ್ಯಾಕಪ್ ಬೇರೆ ಕಡೆಗೆ ಹೋಗುತ್ತದೆ. ಎರಡನೆಯದು, ಕರೆಂಟ್ ಮರಳಿದಾಗ ರಿಲೇ ಯಾವ ಸ್ಥಿತಿಗೆ ಬರಬೇಕೆಂಬುದು. ನಾನು ಅದನ್ನು ಗಮನಿಸಿರಲಿಲ್ಲ. ಒಂದು ರಾತ್ರಿ ಎರಡೂವರೆಗೆ ಮನೆಯ ಎಲ್ಲ ದೀಪಗಳೂ ಒಟ್ಟಿಗೆ ಹತ್ತಿ ಮದುವೆ ಮನೆಯ ಕಳೆ ಬಂದಿತ್ತು.

ಚಲನೆಯನ್ನು ಗುರುತಿಸುವ ಪಿಐಆರ್ ಸೆನ್ಸರ್ ಪ್ಯಾಸೇಜಿನಲ್ಲಿ ಬಹಳ ಉಪಯುಕ್ತ. ದೇವರ ಮನೆಯಲ್ಲಿ ಹಾಕಿದ್ದು ಮಾತ್ರ ನನ್ನ ಅವಿವೇಕ. ಅಮ್ಮ ಅಲುಗಾಡದೆ ಕುಳಿತು ವಿಷ್ಣುಸಹಸ್ರನಾಮ ಓದುತ್ತಿದ್ದಾಗ, ಒಳಗೆ ಯಾರೂ ಇಲ್ಲವೆಂದು ತಿಳಿದು ಅದು ಬೆಳಕನ್ನು ನಂದಿಸಿಬಿಟ್ಟಿತು. ದೇವರ ಮುಂದೆ ದೀಪ ಆರಿತು ಎಂಬ ಮಾತನ್ನೂ ಆಡದ ಅಮ್ಮ, "ನಿನ್ನ ಯಂತ್ರಕ್ಕೆ ನಾನು ಕಾಣಿಸುವುದಿಲ್ಲವೇನೋ ಮಗಾ" ಎಂದಷ್ಟೇ ಹೇಳಿದರು. ಮರುದಿನವೇ ತೆಗೆದೆ.

ಬಿಲ್ಲು ಇಳಿಯುತ್ತದೆಂಬ ಆಸೆಯಿಂದ ಯಾರೂ ಇದಕ್ಕೆ ಕೈಹಾಕುವುದು ಬೇಡ. ನಾಲ್ಕು ವ್ಯಾಟ್ ಎಂದು ಹಿಡಿದರೂ ಪೈ ಒಂದೇ ತಿಂಗಳಿಗೆ ಸುಮಾರು ಮೂರು ಯೂನಿಟ್ ತಿನ್ನುತ್ತದೆ. ಮರೆತು ಬಿಟ್ಟ 9 ವ್ಯಾಟಿನ ಬಲ್ಬು ಅಷ್ಟು ತಿನ್ನಬೇಕಾದರೆ ದಿನವೂ ಹತ್ತು ಗಂಟೆಗೂ ಹೆಚ್ಚು ಉರಿಯಬೇಕು.

ಒಂದೇ ದೀಪವನ್ನು ಮೇಲಿಂದಲೂ ಕೆಳಗಿಂದಲೂ ಹಾಕಿ ಆರಿಸುವ ಮೆಟ್ಟಿಲಿನ ಟೂ ವೇ ಸ್ವಿಚ್ ಮಾತ್ರ ಇನ್ನೂ ಬಾಕಿ ಇದೆ. ಅಲ್ಲಿ ಗೋಡೆ ಕೊರೆಯದೆ ನ್ಯೂಟ್ರಲ್ ಬರುವುದಿಲ್ಲವಾದ್ದರಿಂದ ಮುಂದಿನ ಬೇಸಿಗೆಯಲ್ಲಿ ಸುಣ್ಣಬಣ್ಣ ಮಾಡಿಸುವವರೆಗೆ ಅದನ್ನು ಮುಟ್ಟುವುದಿಲ್ಲ. ಅಲ್ಲಿಯವರೆಗೆ ಯಾವ ಬೋರ್ಡಿನಲ್ಲಿ ಯಾವ ಮಾಡ್ಯೂಲ್, ಯಾವ ಎಂಸಿಬಿ (ಆ ಲೈನಿನ ಸುರಕ್ಷತಾ ಸ್ವಿಚ್) ಎಂದು ಬರೆದ ಹಾಳೆಯೊಂದು ಮೀಟರಿನ ಪಕ್ಕದ ಪೆಟ್ಟಿಗೆಯ ಬಾಗಿಲಿನ ಒಳಬದಿಯಲ್ಲಿದೆ. ನಾನು ಊರಲ್ಲಿಲ್ಲದಾಗ ಬಂದ ಎಲೆಕ್ಟ್ರಿಷಿಯನ್ ಅದನ್ನು ನೋಡಿಯೇ ಎರಡು ಸಲ ಕೆಲಸ ಮುಗಿಸಿ ಹೋಗಿದ್ದಾರೆ.