ಬರೆದವರೇ ಹಾಡಿದ ಹಾಡು: ಬದಿಯಡ್ಕದ ಒಂದು ಸಂಜೆ

ಸುಗಮ ಸಂಗೀತದಲ್ಲಿ ಕವಿ ಒಬ್ಬರು, ರಾಗ ಹಾಕುವವರು ಇನ್ನೊಬ್ಬರು, ಹಾಡುವವರು ಮತ್ತೊಬ್ಬರು ಎಂಬುದು ನಮಗೆ ರೂಢಿಯಾಗಿದೆ. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳು ಮೈಸೂರು ಅನಂತಸ್ವಾಮಿಯವರ ಸಂಯೋಜನೆಯಲ್ಲಿ ಧ್ವನಿಸುರುಳಿಯಾಗಿ ಹೊರಬಂದ ಮೇಲಂತೂ ಈ ಕ್ರಮ ಇನ್ನಷ್ಟು ಗಟ್ಟಿಯಾಯಿತು. ನಮ್ಮ ಯಕ್ಷಗಾನದಲ್ಲಿಯೂ ಕುಂಬಳೆಯ ಪಾರ್ತಿಸುಬ್ಬನ ಪದಗಳು ನಮ್ಮನ್ನು ತಲುಪುವುದು ಭಾಗವತರ ಕಂಠದಿಂದಲೇ. ಆದುದರಿಂದ ಬರೆದವರೇ ರಾಗ ಹಾಕಿ, ತಾವೇ ಹಾಡಿ, ಆ ಹಾಡು ಹುಟ್ಟಿದ ಬಗೆಯನ್ನೂ ತಾವೇ ಹೇಳುವ ಕೂಟವೊಂದು ಬದಿಯಡ್ಕದ ಸಮೀಪದ ತೋಟದ ಮನೆಯಲ್ಲಿ ನಡೆದದ್ದನ್ನು ಕಾಸರಗೋಡಿನ ಕನ್ನಡಿಗರು ಗಮನಿಸಬೇಕು.

ಈ ಬಗೆಯ ಕೂಟಕ್ಕೆ ಹೆಸರಾದದ್ದು ಅಮೆರಿಕದ ನ್ಯಾಶ್‌ವಿಲ್ ನಗರದಲ್ಲಿ 1982ರಲ್ಲಿ ಆರಂಭವಾದ ಬ್ಲೂಬರ್ಡ್ ಕೆಫೆ. ಅಲ್ಲಿ ಗೀತರಚನಕಾರರು ಕೋಣೆಯ ನಡುವೆ ಒಬ್ಬರಿಗೊಬ್ಬರು ಎದುರಾಗಿ ಕುಳಿತು ಸರದಿಯಂತೆ ಹಾಡುತ್ತಾರೆ. ಕೇಳುವವರು ಅವರ ಸುತ್ತಲೂ ಇರುತ್ತಾರೆ. ನಮ್ಮಲ್ಲಿ ಅಡಿಕೆ ಹರಡಿದ್ದ ಅಂಗಳದ ಅರ್ಧವನ್ನು ತೆರವುಗೊಳಿಸಿ ಚಾಪೆ ಹಾಸಿದ್ದರು. ನಡುವೆ ನಾಲ್ವರು ಗೀತಕಾರರು, ಸುತ್ತ ನಲವತ್ತರಷ್ಟು ಕೇಳುಗರು. ವೇದಿಕೆ, ದೀಪ ಬೆಳಗಿಸುವುದು, ಅಧ್ಯಕ್ಷ ಭಾಷಣ, ಶಾಲು ಹೊದಿಸುವುದು ಯಾವುದೂ ಇರಲಿಲ್ಲ. ಮೈಕ್ ಕೂಡ ಇರಲಿಲ್ಲ, ಅದರ ಅಗತ್ಯವೂ ಬೀಳಲಿಲ್ಲ. ಹಾಡುವವರು ಉಸಿರು ಎಳೆದುಕೊಳ್ಳುವುದು ಕೂಡ ಕೇಳಿಸುವಷ್ಟು ಹತ್ತಿರದಲ್ಲಿ ಕುಳಿತಾಗ ಪದವೊಂದೂ ತಪ್ಪಿಹೋಗುವುದಿಲ್ಲ. ಭಾವಗೀತೆಯ ದೊಡ್ಡ ಸಭೆಗಳಲ್ಲಿ ತಬಲಾ ಮತ್ತು ಕೀಬೋರ್ಡುಗಳ ಸದ್ದಿನಡಿಯಲ್ಲಿ ಮುಚ್ಚಿಹೋಗುವ ಒತ್ತಕ್ಷರಗಳು ಇಲ್ಲಿ ಸ್ಪಷ್ಟವಾಗಿ ಕಿವಿಗೆ ಬಿದ್ದವು.

ಮೊದಲ ಸುತ್ತಿನಲ್ಲಿ ಹಾಡಿದ ನಿವೃತ್ತ ಕನ್ನಡ ಮಾಧ್ಯಮ ಶಿಕ್ಷಕರೊಬ್ಬರ ಶಿಶುಗೀತೆಗಳು ಹಿತವಾಗಿದ್ದವು. ದಿನವೂ ರೈಲಿನಲ್ಲಿ ಮಂಗಳೂರಿಗೆ ಹೋಗಿಬರುವ ಯುವಕನೊಬ್ಬ ಗಿಟಾರ್ ಹಿಡಿದು, ಮಂಜೇಶ್ವರ ದಾಟುವಾಗ ಸುತ್ತಲಿನ ಮಾತು ಮಲಯಾಳದಿಂದ ತುಳುವಿಗೂ ಕನ್ನಡಕ್ಕೂ ಹೊರಳುವುದನ್ನು ಹಾಡಾಗಿಸಿದ್ದ. ಅದರ ಪಲ್ಲವಿ ಚೆನ್ನಾಗಿತ್ತು. ಚರಣಗಳು ಇನ್ನೂ ತಿದ್ದುಪಡಿಯನ್ನು ಬೇಡುತ್ತವೆ.

ಆ ಸಂಜೆಯ ನಿಜವಾದ ಸಾಧನೆ ಎಣ್ಮಕಜೆ ಕಡೆಯ ಮಹಿಳೆಯೊಬ್ಬರದು. ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ್ದನ್ನೂ, ಆ ಊರುಗಳಲ್ಲಿ ಮಕ್ಕಳು ಬೆಳವಣಿಗೆ ಕುಂಠಿತರಾಗಿ ಹುಟ್ಟಿ ನರಳಿದ್ದನ್ನೂ ಈ ಜಿಲ್ಲೆಯವರಿಗೆ ವಿವರಿಸಬೇಕಾಗಿಲ್ಲ. ಆ ವಿಷಯದ ಮೇಲೆ ನಾವು ಕೇಳಿರುವ ಹೆಚ್ಚಿನ ಹಾಡುಗಳು ಮೆರವಣಿಗೆಗೆಂದು ಬರೆದವು, ಏರುದನಿಯವು. ಇವರು ಬರೆದದ್ದು ಹವ್ಯಕ ಕನ್ನಡದಲ್ಲಿ ಒಂದು ಜೋಗುಳ. ನೆರೆಮನೆಯ ಅಕ್ಕ ಮೂವತ್ತು ದಾಟಿದ ಮಗನನ್ನು ಇಂದಿಗೂ ತಟ್ಟಿ ಮಲಗಿಸುವುದನ್ನು ದಿನವೂ ನೋಡುತ್ತಿದ್ದುದಾಗಿಯೂ, ಆ ಅಕ್ಕನ ಮುಂದೆ ಹಾಡಿ ಒಪ್ಪಿಗೆ ಪಡೆಯದೆ ಬೇರೆಲ್ಲೂ ಹಾಡಬಾರದೆಂದು ನಿಶ್ಚಯಿಸಿದ್ದಾಗಿಯೂ ನಾಲ್ಕು ಮಾತುಗಳಲ್ಲಿ ಹೇಳಿ, ಶ್ರುತಿಪೆಟ್ಟಿಗೆಯೊಂದನ್ನೇ ಇಟ್ಟುಕೊಂಡು ಅವರು ಹಾಡಿದರು. ಇಡೀ ಹಾಡಿನಲ್ಲಿ ವಿಷದ ಹೆಸರಾಗಲಿ ಆರೋಪವಾಗಲಿ ಇರಲಿಲ್ಲ. ಮಗು ದೊಡ್ಡದಾಗುವುದನ್ನು ಹಾರೈಸುವ ಜೋಗುಳದ ಹಳೆಯ ಮಾತುಗಳೇ ಇದ್ದವು, ಮತ್ತು ಆ ಹಾರೈಕೆಯೇ ಎದೆಯನ್ನು ಹಿಂಡಿತು. ಹಿನ್ನೆಲೆ ತಿಳಿಯದೆ ಇದನ್ನು ಧ್ವನಿಮುದ್ರಣದಲ್ಲಿ ಕೇಳಿದವರಿಗೆ ಮಾಮೂಲಿ ಜೋಗುಳವೆಂದೇ ತೋರಬಹುದು. ಹಾಡಿನ ಮೊದಲು ಬಂದ ಆ ನಾಲ್ಕು ಮಾತುಗಳು ಹಾಡಿನಷ್ಟೇ ಮುಖ್ಯವಾಗಿದ್ದವು. ಕಥೆ ಮತ್ತು ಹಾಡನ್ನು ಒಂದೇ ಬಾಯಿಂದ ಕೇಳಿಸುವ ಈ ಪದ್ಧತಿಯನ್ನು ನಾನು ಮನಸಾರೆ ಬೆಂಬಲಿಸುವುದು ಇದೇ ಕಾರಣಕ್ಕಾಗಿ.

ಸುಳ್ಯದ ಕಡೆಯಿಂದ ಬಂದಿದ್ದ ನಾಲ್ಕನೆಯವರಿಗೆ ಈ ಅಳತೆ ಸಿಗಲಿಲ್ಲ. ಹಾಡಿಗಿಂತ ಮುನ್ನುಡಿ ಮೂರು ಪಟ್ಟು ದೀರ್ಘವಾಯಿತು, ಹಾಡಿನಲ್ಲಿ ಬರಬೇಕಾದುದೆಲ್ಲ ಮೊದಲೇ ಮಾತಿನಲ್ಲಿ ಮುಗಿದುಹೋಗಿತ್ತು. ಅವರದು ಒಳ್ಳೆಯ ಕಂಠ; ನಡೆಸಿಕೊಡುವವರು ಮಾತಿಗೊಂದು ಮಿತಿಯನ್ನು ಮೊದಲೇ ಸೂಚಿಸಿದ್ದರೆ ಅವರಿಗೇ ಉಪಕಾರವಾಗುತ್ತಿತ್ತು.

ನಡುವಿನ ವಿರಾಮದಲ್ಲಿ ಹಾಳೆತಟ್ಟೆಯಲ್ಲಿ ಬಂದ ಗೋಳಿಬಜೆಯೂ ಪುನರ್ಪುಳಿ ಶರಬತ್ತೂ ಚೆನ್ನಾಗಿದ್ದವು. ಪ್ರವೇಶಕ್ಕೆ ದರ ಇಟ್ಟಿರಲಿಲ್ಲ, ಇಚ್ಛೆಯಿದ್ದವರು ಹುಂಡಿಗೆ ಹಾಕಬಹುದಿತ್ತು. ನೆಲದಲ್ಲಿ ಕೂರಲಾಗದ ಹಿರಿಯರಿಗೆ ಇನ್ನಷ್ಟು ಕುರ್ಚಿಗಳು ಬೇಕಾಗಿದ್ದವು. ತಡವಾಗಿ ಆರಂಭವಾದದ್ದರಿಂದ ಬಸ್ಸನ್ನು ನಂಬಿ ಬಂದವರು ಕೊನೆಯ ಸುತ್ತಿಗೆ ಮೊದಲೇ ಎದ್ದುಹೋಗಬೇಕಾಯಿತು, ಆ ಜೋಗುಳ ಬಂದದ್ದು ಕೊನೆಯ ಸುತ್ತಿನಲ್ಲಿಯೇ.

1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ನೋವನ್ನು ಕಯ್ಯಾರ ಕಿಞ್ಞಣ್ಣ ರೈಗಳು ಹಾಡಾಗಿಸಿದ ಮೇಲೆ, ಈ ನೆಲದ ಕನ್ನಡ ಹಾಡೆಂದರೆ ಗಡಿಯ ಹಾಡೆಂದೇ ಹೊರಗಿನವರು ಎಣಿಸುತ್ತಾರೆ. ಆ ಹಾಡಿನ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ರೈಲಿನ ದಿನನಿತ್ಯವೂ ನೆರೆಮನೆಯ ಮಂಚವೂ ನಮ್ಮ ಹಾಡಿಗೆ ವಸ್ತುವಾಗುವುದನ್ನು ಕಂಡು ನನಗೆ ಬಹಳ ಸಂತೋಷವಾಯಿತು. ಮುಂದಿನ ಕೂಟದಲ್ಲಿ ಹಾಡುಗಳ ಸಾಹಿತ್ಯವನ್ನು ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಕೊಟ್ಟರೆ, ಕನ್ನಡ ಮಾಧ್ಯಮದ ಮಕ್ಕಳು ಆ ಶಿಶುಗೀತೆಗಳನ್ನು ಮರುದಿನವೇ ಶಾಲೆಯಲ್ಲಿ ಹಾಡಬಹುದು.