ನಮ್ಮೂರ ಕೆಪಿಎಸ್ ಸ್ಕೂಲು: ಮಗಳನ್ನ ಮೂರು ವರ್ಷ ಕಳಿಸಿದ ಮೇಲೆ ಬರೀತಿದೀನಿ

ಐದಕ್ಕೆ ಮೂರೂವರೆ ಸ್ಟಾರ್. ಸ್ಕೂಲ್ ಹೆಸರು ಹಾಕಲ್ಲ, ತುಮಕೂರು ಜಿಲ್ಲೆದು ಒಂದು ಹೋಬಳಿ ಅಂತ ಇಟ್ಕೊಳಿ, ಪಾಪ ಮೇಷ್ಟ್ರುಗಳಿಗೆ ಯಾಕೆ ಸುಮ್ನೆ ತಲೆನೋವು.

ಮಗಳು ಏಳನೇ ಕ್ಲಾಸ್ ತನಕ ಕಾನ್ವೆಂಟು. ಲಾಕ್‌ಡೌನ್ ಆದ್ಮೇಲೆ ನನ್ನ ಅಂಗಡಿ ಏಳಲೇ ಇಲ್ಲ, ಫೀಸ್ ಕಟ್ಟೋಕಾಗ್ದೆ 2022ರ ಜೂನ್‌ನಲ್ಲಿ ಎಂಟನೇ ಕ್ಲಾಸಿಗೆ ಇಲ್ಲಿ ತಂದು ಸೇರಿಸ್ದೆ. ನಿಜ ಹೇಳ್ಬೇಕಂದ್ರೆ ನಾಚ್ಕೊಂಡೇ ಸೇರಿಸಿದ್ದು, ಬಾಮೈದ ಫೋನ್ ಮಾಡಿ "ಏನ್ ಭಾವ ಗವರ್ಮೆಂಟ್ ಸ್ಕೂಲಾ" ಅಂದಾಗ ಸಿಗ್ನಲ್ ಇಲ್ಲ ಅಂತ ಕಟ್ ಮಾಡಿದ್ದೆ.

ಕೆಪಿಎಸ್ ಅಂದ್ರೆ ಏನು ಅಂತ ಗೊತ್ತಿಲ್ದೋರಿಗೆ, ಕರ್ನಾಟಕ ಪಬ್ಲಿಕ್ ಸ್ಕೂಲ್, ಸರ್ಕಾರದ್ದೇ, ಎಲ್‌ಕೆಜಿಯಿಂದ ಪಿಯುಸಿ ತನಕ ಎಲ್ಲಾ ಒಂದೇ ಕಾಂಪೌಂಡಲ್ಲಿ. 2018-19ರಲ್ಲಿ 176 ಸ್ಕೂಲಲ್ಲಿ ಶುರು ಮಾಡಿದ್ರು. ಐಡಿಯಾ ಚೆನ್ನಾಗಿದೆ, ಏಳು ಮುಗಿಸಿ ಹೈಸ್ಕೂಲಿಗೆ ಹೋಗೋವಾಗ ದೂರ ಅಂತ, ಅದರಲ್ಲೂ ಹೆಣ್ಮಕ್ಕಳನ್ನ, ಬಿಡಿಸಿಬಿಡ್ತಾರಲ್ಲ ಅದು ಕಮ್ಮಿ ಆಗುತ್ತೆ. ಆದ್ರೆ ನಮ್ಮಲ್ಲಿ ಒಳಗೆ ಹೋಗಿ ನೋಡಿದ್ರೆ ಪ್ರೈಮರಿಗೆ ಒಬ್ರು ಹೆಡ್‌ಮಾಸ್ಟ್ರು, ಹೈಸ್ಕೂಲಿಗೆ ಒಬ್ರು ಉಪಪ್ರಾಂಶುಪಾಲರು, ಕಾಲೇಜಿಗೆ ಒಬ್ರು ಪ್ರಿನ್ಸಿಪಾಲ್ರು, ಬೋರ್ಡ್ ಒಂದು ಯಜಮಾನ್ರು ಮೂರು. ಮಗಳ ಒಂಬತ್ತನೇ ಕ್ಲಾಸಲ್ಲಿ ಲ್ಯಾಬ್ ಬೀಗದ ಕೈ ಯಾರ ಹತ್ರ ಅನ್ನೋದ್ರಲ್ಲೇ ಅರ್ಧ ವರ್ಷ ಹೋಯ್ತು. ಟಾಯ್ಲೆಟ್ ಬಗ್ಗೆ ಕೇಳ್ಬೇಡಿ. ಪೇಂಟ್ ಮಾತ್ರ ಜೋರಾಗಿದೆ, ಗೋಡೆ ಮೇಲೆ ರೈಲು ಬರ್ದಿದಾರೆ.

ನನಗೆ ಇಷ್ಟ ಆಗಿದ್ದು ಬೇರೆ. ಸೇರಿದ ಮೊದಲ ತಿಂಗಳು ಸೇತುಬಂಧ ಅಂತ ಹಳೇ ಪಾಠಾನೇ ಮಾಡ್ತಾರೆ, ಎಲ್ಲಾ ಸ್ಕೂಲಲ್ಲೂ ಇರುತ್ತೆ, ಎಷ್ಟೋ ಕಡೆ ಒಂದು ಟೆಸ್ಟ್ ಕೊಟ್ಟು ಫೈಲ್ ಮಾಡಿ ಕೈ ತೊಳ್ಕೊತಾರೆ. ಆ ವರ್ಷ ಕೋವಿಡ್ ಗ್ಯಾಪ್ ತುಂಬೋಕೆ ಅಂತ ಕಲಿಕಾ ಚೇತರಿಕೆನೂ ಇತ್ತು, ಬರೀ ಕಲಿಕಾ ಹಾಳೆ. ಇಲ್ಲಿ ಗಣಿತದ ಮೇಡಂ ಒಬ್ರು ಆ ಹಾಳೆ ತುಂಬಿಸೋದಕ್ಕಿಂತ ಮುಂಚೆ ಒಬ್ಬೊಬ್ರನ್ನೇ ಟೇಬಲ್ ಹತ್ರ ಕರೆದು ಒಂದು ಭಾಗಾಕಾರ ಮಾಡಿಸಿದ್ರಂತೆ. ಕಾನ್ವೆಂಟಲ್ಲಿ 90 ತಗೊಂಡ ನನ್ನ ಮಗಳಿಗೆ ಮೂರಂಕಿ ಭಾಗಾಕಾರ ಬರ್ಲಿಲ್ಲ! ದಸರಾ ರಜೆ ತನಕ ದಿನಾ ಸಂಜೆ ನಲವತ್ತು ನಿಮಿಷ ಕೂರಿಸ್ಕೊಂಡ್ರು, ದುಡ್ಡಿಲ್ಲ ಕಾಸಿಲ್ಲ.

ಆ ಮೇಡಮ್ಮೂ ಮೊದಲು ಹಿಂಗಿರ್ಲಿಲ್ವಂತೆ, ಅವರೇ ಹೇಳಿದ್ದು. ಸಾಮಾನ್ಯವಾಗಿ ಟೀಚರ್ ಟ್ರೇನಿಂಗ್ ಅಂದ್ರೆ ಬಸ್ ಹತ್ತಿ ತಾಲೂಕಿನ ಟ್ರೇನಿಂಗ್ ಸೆಂಟರು, ಅಂದ್ರೆ ಬಿಆರ್‌ಸಿಗೆ ಹೋಗಿ ಪಿಪಿಟಿ ನೋಡಿ ಟೀ ಕುಡ್ದು ಸೈನ್ ಹಾಕಿ ಬರೋದು. ಹೈಸ್ಕೂಲಿಗೆ ವಿಷಯ ಪರಿವೀಕ್ಷಕರು ಅಂತ, ಒಂದೊಂದು ಸಬ್ಜೆಕ್ಟಿನ ಪಾಠ ನೋಡೋರು, ಡಿಡಿಪಿಐ (ಜಿಲ್ಲೆಯ ಶಿಕ್ಷಣ ಇಲಾಖೆ) ಆಫೀಸಲ್ಲಿ ಇರ್ತಾರೆ, ಇಡೀ ಜಿಲ್ಲೆ ಅವರ ತಲೆ ಮೇಲೆ, ಒಂದು ಸ್ಕೂಲಿಗೆ ವರ್ಷಕ್ಕೆ ಎಷ್ಟು ಸಲ ಬರೋಕಾಗುತ್ತೆ ಹೇಳಿ. ಇಲ್ಲಿ ಏನಾಯ್ತು ಅಂದ್ರೆ ರಿಟೈರ್ ಆದ ಮೇಷ್ಟ್ರೊಬ್ರು ಇದೇ ಊರಲ್ಲಿದಾರೆ, ಅವರು ವಾರಕ್ಕೆ ಒಂದು ದಿನ ಬಂದು ಕ್ಲಾಸಲ್ಲಿ ಹಿಂದಿನ ಬೆಂಚಲ್ಲಿ ಕೂತ್ಕೊಂಡು ಪಾಠ ಪೂರ್ತಿ ನೋಡಿ ಆಮೇಲೆ ಸ್ಟಾಫ್ ರೂಮಲ್ಲಿ ನೀನು ಪ್ರಶ್ನೆ ಕೇಳಿ ನೀನೇ ಉತ್ತರ ಹೇಳ್ಬಿಡ್ತಿಯಲ್ಲಮ್ಮ, ಮಕ್ಕಳಿಗೆ ಯೋಚ್ನೆ ಮಾಡೋಕೆ ಹತ್ತು ಸೆಕೆಂಡಾದ್ರೂ ಬಿಡು ಅಂತ ಹೇಳೋರಂತೆ. ರಿಪೋರ್ಟ್ ಇಲ್ಲ, ನೋಟಿಸ್ ಇಲ್ಲ. ಮೊದಲು ಸಿಟ್ಟು ಬಂತು, ಆಮೇಲೆ ನಾನೇ ಅವರನ್ನ ಕಾಯೋ ಹಂಗಾಯ್ತು ಅಂದ್ರು ಮೇಡಂ.

ಸೈನ್ಸ್ ಕಥೆ ಉಲ್ಟಾ. ಪೋಸ್ಟ್ ಖಾಲಿ, ಮೂರು ವರ್ಷದಲ್ಲಿ ನಾಲ್ಕು ಅತಿಥಿ ಶಿಕ್ಷಕರು. ಅವರ ಗೌರವಧನದಲ್ಲಿ ಸಂಸಾರ ನಡೀಬೇಕಲ್ಲ, ಬೇರೆ ಕೆಲಸ ಸಿಕ್ಕಿದ ತಕ್ಷಣ ಹೊರಟುಹೋಗ್ತಾರೆ, ಅವರನ್ನ ಬೈಯ್ಯೋಕಾಗಲ್ಲ. ಹಿಂದಿನ ಬೆಂಚಲ್ಲಿ ಯಾರು ಕೂತ್ರೂ ಮುಂದೆ ನಿಲ್ಲೋಕೇ ಜನ ಇಲ್ಲಾಂದ್ರೆ ಏನು ಮಾಡೋದು.

ಹತ್ತನೇ ಕ್ಲಾಸ್ ಬಂತು ಅಂದ್ರೆ ಸ್ಕೂಲಿಗೆ ದೆವ್ವ ಮೆಟ್ಕೊಳ್ಳುತ್ತೆ. 2024ರಲ್ಲಿ ಎಸ್ಸೆಸ್ಸೆಲ್ಸಿಗೆ ವೆಬ್‌ಕ್ಯಾಸ್ಟಿಂಗ್ (ಪರೀಕ್ಷೆ ರೂಮಲ್ಲಿ ಕ್ಯಾಮೆರಾ ಇಟ್ಟು ಲೈವ್ ನೋಡೋದು) ಹಾಕಿದ್ಮೇಲೆ ರಾಜ್ಯದ ರಿಸಲ್ಟ್ ಶೇಕಡ 83.89ರಿಂದ 73.40ಕ್ಕೆ ಬಿತ್ತಲ್ಲ, ಅದೂ ಗ್ರೇಸ್ ಮಾರ್ಕ್ಸ್ ಕೊಟ್ಟು. ಮುಂದಿನ ವರ್ಷ ನಮ್ಮ ಮಗಳ ಬ್ಯಾಚು. ಡಿಸೆಂಬರಿಂದ ಪಾಸಿಂಗ್ ಪ್ಯಾಕೇಜು (ಪಾಸಾಗೋಕೆ ಬೇಕಾದಷ್ಟು ಪಾಠ ಮಾತ್ರ ತಿರುಗಿಸಿ ಹೇಳ್ಕೊಡೋದು), ಬೆಳಗ್ಗೆ ಐದಕ್ಕೆ ಮೇಷ್ಟ್ರ ಫೋನು "ಎದ್ದಳಾ?", ಒಬ್ಬೊಬ್ಬ ಟೀಚರಿಗೆ ಎಂಟೆಂಟು ಮಕ್ಕಳು ದತ್ತು. ಶ್ರದ್ಧೆ ಬಗ್ಗೆ ಎರಡು ಮಾತಿಲ್ಲ. ಆದ್ರೆ ಎಂಟನೇ ಕ್ಲಾಸಲ್ಲಿ ಭಾಗಾಕಾರ ಸರಿ ಮಾಡ್ಕೊಂಡ ಮಕ್ಕಳಿಗೆ ಗಣಿತದಲ್ಲಿ ಆ ಪ್ಯಾಕೇಜ್ ಬೇಕೇ ಆಗ್ಲಿಲ್ಲ, ಸೈನ್ಸಲ್ಲಿ ಎಲ್ಲರಿಗೂ ಬೇಕಾಯ್ತು. ನಮ್ಮವಳು ಗಣಿತ 84, ವಿಜ್ಞಾನ 51.

ಊಟ ಪರವಾಗಿಲ್ಲ, ಹತ್ತನೇ ಕ್ಲಾಸಲ್ಲಿದ್ದಾಗ ವಾರಕ್ಕೆ ಆರು ದಿನ ಮೊಟ್ಟೆ ಆಯ್ತು, ಸಾಂಬಾರ್ ನೀರು.

ಸೇರಿಸ್ಬೇಕು ಅನ್ನೋರು ಗೇಟಲ್ಲಿ ಕಟ್ಟಿರೋ ರಿಸಲ್ಟ್ ಫ್ಲೆಕ್ಸ್ ನೋಡ್ಬೇಡಿ, ಜುಲೈನಲ್ಲಿ ಯಾವುದಾದ್ರೂ ಒಂದಿನ ಸಂಜೆ ನಾಲ್ಕೂವರೆ ಮೇಲೆ ಹೋಗಿ ಎಂಟನೇ ಕ್ಲಾಸ್ ರೂಮಲ್ಲಿ ಲೈಟ್ ಹತ್ತಿದ್ಯಾ ನೋಡಿ. ಇಂಗ್ಲಿಷ್ ಮೀಡಿಯಂ ಸೀಟ್ ಬೇಕಿದ್ರೆ ಮಾತ್ರ ಮೇ ತಿಂಗಳಲ್ಲೇ ಹೋಗಿ ಹೆಸರು ಬರೆಸಿ, ನಮ್ಮಲ್ಲಿ ಜೂನ್ ಅಷ್ಟೊತ್ತಿಗೆ ಖಾಲಿ. ಕಿರಿಯವನನ್ನೂ ಇಲ್ಲೇ ಹಾಕಿದೀನಿ, ಸೈನ್ಸ್ ಪೋಸ್ಟು ಇನ್ನೂ ತುಂಬಿಲ್ಲ.